ದೇವರು ನೋಡಿಕೊಳ್ತಾರೆ, ಯಾರನ್ನು?

ಪಾಲಿನ ಜಗಳದಲ್ಲಿ ಸಿಕ್ಕಿಬಿದ್ದವರು ನನ್ನ ಹತ್ತಿರ ಬರುವಾಗ ಜಗಳದ ಮಾತು ಎತ್ತುವುದೇ ಇಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ ಎನ್ನುತ್ತಾರೆ. ಊಟ ಸೇರುವುದಿಲ್ಲ, ಎದೆ ಡವಗುಟ್ಟುತ್ತದೆ, ಮನೆಯವರ ಮೇಲೆ ಸುಮ್ನೆ ರೇಗುತ್ತೇನೆ ಎನ್ನುತ್ತಾರೆ. ಎರಡನೆಯ ಸಲವೋ ಮೂರನೆಯ ಸಲವೋ ಬಂದಾಗ ಅಣ್ಣನ ಹೆಸರು, ತಮ್ಮನ ಹೆಸರು, ಅತ್ತಿಗೆಯ ಹೆಸರು ಹೊರಗೆ ಬರುತ್ತದೆ. ಅದರ ಬೆನ್ನಿಗೇ ಒಂದು ಮಾತು ಬರುತ್ತದೆ: “ನಾನು ಎಲ್ಲ ದೇವರಿಗೆ ಬಿಟ್ಟಿದ್ದೇನೆ ಮೇಡಂ. ದೇವರು ನೋಡಿಕೊಳ್ತಾರೆ.”

ಉಡುಪಿಯಲ್ಲಿ ಕೂತು ಆಪ್ತಸಲಹೆ ಮಾಡುವವಳಿಗೆ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಮೊದಲೆಲ್ಲ ಇದನ್ನು ಕೇಳಿದರೆ ನನಗೇ ಸಮಾಧಾನವಾಗುತ್ತಿತ್ತು. ಹಿಡಿದುಕೊಳ್ಳಲು ಇವರಿಗೆ ಒಂದು ಆಸರೆ ಉಂಟು, ಇನ್ನು ಹೆಚ್ಚು ಹೆದರಬೇಕಿಲ್ಲ ಅಂದುಕೊಳ್ಳುತ್ತಿದ್ದೆ. ಒಬ್ಬ ಅಕ್ಕ ಬಂದು ಹೋದ ಮೇಲೆ ಹಾಗೆ ಅಂದುಕೊಳ್ಳುವುದನ್ನು ಬಿಟ್ಟೆ. ಈಗ ಆ ಮಾತು ಬಂದ ಕೂಡಲೇ ಪೆನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳುತ್ತೇನೆ.

ಅಕ್ಕನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿದ್ದೇನೆ.

ಅಕ್ಕನಿಗೆ 50 ದಾಟಿದೆ. ಉಡುಪಿಯಿಂದ ಅರ್ಧ ಗಂಟೆ ಬಸ್ಸಿನ ದಾರಿ. ಗಂಡ ಇದ್ದಾರೆ, ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಒಬ್ಬನೇ ತಮ್ಮ, ತವರುಮನೆಯಲ್ಲಿದ್ದಾನೆ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ತೆಗೆದ 40 ಸೆಂಟ್ಸ್ ಜಾಗ, ಒಂದು ಹಂಚಿನ ಮನೆ, ಒಂದು ಬಾವಿ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ನಾಲ್ಕು ವರ್ಷದ ಹಿಂದೆ ಅಮ್ಮನೂ ಹೋದರು. ಉತ್ತರಕ್ರಿಯೆಯ ಊಟ ಮುಗಿದ ಮರುದಿನ ತಮ್ಮ ಯಾರದೋ ಕೈಯಲ್ಲಿ ಒಂದು ಹಕ್ಕು ಬಿಡುಗಡೆ ಪತ್ರ ಕಳಿಸಿದ. ಸಹಿ ಹಾಕಿದರೆ ಆಯಿತು. ಅಕ್ಕ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಪತ್ರವನ್ನು ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟರು. ಅವತ್ತಿನಿಂದ ಅಕ್ಕ ತಮ್ಮನಿಗೆ ಮಾತಿಲ್ಲ. ಅಷ್ಟಮಿಗೆ, ಚೌತಿಗೆ ತವರಿಗೆ ಹೋಗುವುದೂ ನಿಂತುಹೋಯಿತು.

ನನ್ನ ಹತ್ತಿರ ಅವರು ಬಂದದ್ದು ನಿದ್ದೆಗಾಗಿ. ಮೊದಲು ಡಾಕ್ಟರ ಹತ್ತಿರ ಹೋಗಿ ಬಿ.ಪಿ., ಥೈರಾಯ್ಡ್ ನೋಡಿಸಿಕೊಂಡು ಬರಲು ಹೇಳಿದೆ. ಎರಡೂ ಸರಿ ಇತ್ತು. ಎರಡು ಸಲ ಕೂತು ಸಂಜೆಯ ಚಹಾದ ಬಗ್ಗೆ, ಮಲಗುವಾಗ ಮೊಬೈಲ್ ನೋಡುವುದರ ಬಗ್ಗೆ ಮಾತಾಡಿದೆವು. ಅದರಿಂದ ಏನೂ ಆಗಲಿಲ್ಲ. ನಾನು ಬೇರೆ ಕಡೆ ಹುಡುಕುತ್ತಿದ್ದೆ.

ಮೂರನೆಯ ಸಲ ಬಂದದ್ದು ಆಟಿ ತಿಂಗಳ ಜಡಿಮಳೆಯಲ್ಲಿ. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ ಒಳಗೆ ಬಂದರು. ಸೀರೆಯ ಅಂಚು ಒದ್ದೆಯಾಗಿತ್ತು. ಕುರ್ಚಿಯ ತುದಿಯಲ್ಲಿ ಕೂತು ಕೈಚೀಲವನ್ನು ಮಡಿಲಲ್ಲಿ ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡರು. ಅವತ್ತು ನಾನೇ ತಮ್ಮನ ಮಾತು ಎತ್ತಿದೆ.

“ಅದೆಲ್ಲ ಬಿಟ್ಟಾಗಿದೆ ಮೇಡಂ. ದೇವರು ನೋಡಿಕೊಳ್ತಾರೆ.”

“ಯಾರನ್ನು?” ಅಂತ ಕೇಳಿದೆ.

“ಎಂತ?”

“ದೇವರು ನೋಡಿಕೊಳ್ತಾರೆ ಅಂದಿರಲ್ಲ ಅಕ್ಕ. ಯಾರನ್ನು ನೋಡಿಕೊಳ್ತಾರೆ? ನಿಮ್ಮನ್ನಾ, ತಮ್ಮನನ್ನಾ?”

ಇದು ನಾನು ಯೋಚಿಸಿ ಇಟ್ಟುಕೊಂಡ ಪ್ರಶ್ನೆ ಆಗಿರಲಿಲ್ಲ. ಅವರು ಹೇಳಿದ ದನಿ ನನ್ನ ಕಿವಿಗೆ ಹಾಗೆ ಕೇಳಿತು, ಅಷ್ಟೇ. ನಮ್ಮ ಭಾಷೆಯಲ್ಲಿ ಈ ಮಾತು ಎರಡು ಕಡೆಗೂ ತಿರುಗುತ್ತದೆ. ಮಗ ಗಲ್ಫಿಗೆ ಹೊರಟಾಗ ಅಮ್ಮ ತಲೆ ಸವರಿ “ದೇವರು ನೋಡಿಕೊಳ್ತಾರೆ, ಹೋಗಿ ಬಾ” ಅನ್ನುತ್ತಾಳೆ. ಮೋಸ ಹೋದವನು ಗೇಟಿನ ಹೊರಗೆ ನಿಂತು “ದೇವರು ನೋಡಿಕೊಳ್ತಾರೆ” ಅಂತ ಕೈ ಮೇಲೆತ್ತುತ್ತಾನೆ. ಒಂದು ಹರಕೆ, ಇನ್ನೊಂದು ಶಾಪ. ಅಕ್ಷರ ಒಂದೇ ಆದ ಕಾರಣ ಹೇಳುವವರಿಗೇ ಎಷ್ಟೋ ಸಲ ತಾವು ಯಾವುದನ್ನು ಹೇಳುತ್ತಿದ್ದೇವೆ ಎಂದು ತಿಳಿಯುವುದಿಲ್ಲ.

ಅಕ್ಕ ತುಂಬ ಹೊತ್ತು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ಆಮೇಲೆ ಚೀಲದ ಜಿಪ್ ಎಳೆದು ಒಂದು ಸಣ್ಣ ತೊಟ್ಟೆ ತೆಗೆದರು. ತೊಟ್ಟೆಯ ಒಳಗಿನಿಂದ ಒಂದು ಹಳದಿ ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಇಟ್ಟರು. ಒಂದು ಗೋಟಡಿಕೆಗಿಂತ ಸ್ವಲ್ಪ ದೊಡ್ಡದು. ಅರಸಿನ ನೀರಲ್ಲಿ ಅದ್ದಿದ ಬಟ್ಟೆ. ಗಂಟಿನ ಮೇಲೆ ಕುಂಕುಮದ ಮೇಲೆ ಕುಂಕುಮ ಕೂತು ಕಪ್ಪಾಗಿತ್ತು. ಮುಡಿಪು.

ಮೂರು ವರ್ಷದ ಹಿಂದೆ ಕಟ್ಟಿದ್ದು. ಒಳಗೆ 11 ರೂಪಾಯಿ. ಗಂಡನಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ದೇವರ ಕೋಣೆಯಲ್ಲಿ ಫೋಟೋದ ಹಿಂದೆ ಇಟ್ಟಿದ್ದರು. ಶುಕ್ರವಾರ ಶುಕ್ರವಾರ ಅದಕ್ಕೆ ಕುಂಕುಮ ಹಚ್ಚುತ್ತಿದ್ದರು. ಕಟ್ಟುವಾಗ ಹೇಳಿಕೊಂಡ ಮಾತನ್ನು ಅವತ್ತು ನನ್ನ ಮುಂದೆ ಮೊದಲ ಸಲ ಬಾಯಿ ಬಿಟ್ಟು ಹೇಳಿದರು. “ನನ್ನ ಕಣ್ಣಲ್ಲಿ ನೀರು ಹಾಕಿಸಿದವನ ಕಣ್ಣಲ್ಲೂ ನೀರು ಬರಬೇಕು. ಬಂದ ದಿನ ತಂದು ಒಪ್ಪಿಸ್ತೇನೆ ಅಂತ.”

ಹಿಂದಿನ ತಿಂಗಳು ಹೆದ್ದಾರಿ 66ರಲ್ಲಿ, ಮಳೆಗೆ, ತಮ್ಮನ ಮಗನ ಬೈಕು ಜಾರಿ ಬಿತ್ತು. 22 ವರ್ಷದ ಹುಡುಗ. ತೊಡೆಯ ಎಲುಬು ಮುರಿದು ರಾಡ್ ಹಾಕಿದ್ದಾರೆ. ಸಂಬಂಧಿಕರೊಬ್ಬರು ಫೋನು ಮಾಡಿ ಹೇಳಿದರಂತೆ: ನಿನ್ನ ತಮ್ಮ ಆಸ್ಪತ್ರೆಯ ಜಗಲಿಯಲ್ಲಿ ಕೂತು ಮಗುವಿನ ಹಾಗೆ ಅಳ್ತಿದ್ದ.

“ಬಂತಲ್ಲ ಮೇಡಂ, ಕಣ್ಣೀರು. ನಾನು ಕೇಳಿದ್ದೇ ಬಂತು. ಅವನಿಗೆ ರಾಗಿ ಮಣ್ಣಿ ತಿನ್ನಿಸಿದ್ದು ನಾನು. ಅತ್ತೆ ಅತ್ತೆ ಅಂತ ಸೆರಗು ಹಿಡಿದುಕೊಂಡು ಬರ್ತಿದ್ದ. ಈಗ ಇದನ್ನು ನಾನು ಒಪ್ಪಿಸಬೇಕಾ? ಒಪ್ಪಿಸಿದ್ರೆ ಮಗುವಿನ ಕಾಲು ನಾನೇ ಮುರಿಸಿದ್ದು ಅಂತ ಆಗ್ತದೆ. ಒಪ್ಪಿಸದಿದ್ರೆ ದೇವರ ಸಾಲ ಉಳೀತದೆ.”

ಸುದ್ದಿ ತಿಳಿದ ಎರಡು ದಿನಕ್ಕೆ ಕೃಷ್ಣ ಮಠಕ್ಕೆ ಹೋಗಿದ್ದರಂತೆ. ಒಂಬತ್ತು ತೂತಿನ ಕಿಂಡಿಯ ಮುಂದೆ ಸಾಲಿನಲ್ಲಿ ನಿಂತು ಬಗ್ಗಿ ನೋಡಿದರೆ ದೇವರು ಕಾಣಲಿಲ್ಲ. ಪ್ಲಾಸ್ಟರ್ ಹಾಕಿದ ಕಾಲು ಕಂಡಿತು. ಪ್ರಸಾದ ತೆಗೆದುಕೊಳ್ಳದೆ ಹೊರಗೆ ಬಂದರು. ಆಮೇಲೆ ಯಾವ ದೇವಸ್ಥಾನಕ್ಕೂ ಕಾಲಿಡಲಿಲ್ಲ. ಮನೆಯಲ್ಲಿ ದೀಪ ಹಚ್ಚುವುದನ್ನೂ ಗಂಡನಿಗೆ ಬಿಟ್ಟಿದ್ದರು. ನಿದ್ದೆ ಹೋದದ್ದು ಇಲ್ಲಿಂದ.

“ನಾನು ಮಾಡಿದ್ದಾ ಮೇಡಂ?”

ನಮಗೆ ಕಲಿಸುವಾಗ ಇಂಥ ಪ್ರಶ್ನೆಯನ್ನು ತಿರುಗಿಸಿ ಅವರಿಗೇ ಕೇಳಬೇಕು ಎಂದು ಕಲಿಸುತ್ತಾರೆ. ‘ನಿಮಗೆ ಏನನ್ನಿಸುತ್ತದೆ?’ ಎಂದು. ಬಹಳ ಸಲ ಅದೇ ಸರಿ. ಅವತ್ತು ಹಾಗೆ ಕೇಳಲು ನನಗೆ ಮನಸ್ಸು ಬರಲಿಲ್ಲ. ಮುಳುಗುವವರ ಹತ್ತಿರ ನೀರು ಎಷ್ಟು ಆಳ ಉಂಟು ಎಂದು ಕೇಳಿದ ಹಾಗಾಗುತ್ತಿತ್ತು.

“ಇಲ್ಲ ಅಕ್ಕ,” ಅಂದೆ. “ನೀವು ಮಾಡಿದ್ದಲ್ಲ. ಒದ್ದೆ ರಸ್ತೆಯಲ್ಲಿ ಬೈಕು ಜಾರಿತು. ನೀವು ಮುಡಿಪು ಕಟ್ಟದಿದ್ರೂ ಜಾರ್ತಿತ್ತು. ಆದ್ರೆ ನಾನು ಒಂದು ಕೇಳ್ತೇನೆ. ಅಕ್ಕನ ಸಿಟ್ಟು ತೀರಿಸ್ಲಿಕ್ಕೆ ತಮ್ಮನ ಮಗನ ಕಾಲು ಮುರಿಯುವವರು, ಅಂಥವರಿಗಾ ನೀವು ಇಷ್ಟು ವರ್ಷ ಕೈ ಮುಗಿದದ್ದು?”

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ಸ್ವಲ್ಪ ಸಿಟ್ಟೂ ಬಂದ ಹಾಗಿತ್ತು.

“ಅಲ್ಲ. ಅವರು ಅಂಥವರಲ್ಲ.”

ಮನೆಯವರ ಬಗ್ಗೆ ಯಾರೋ ಹಗುರವಾಗಿ ಮಾತಾಡಿದರೆ ಬಿಟ್ಟುಕೊಡದೆ ಹೇಳುತ್ತೇವಲ್ಲ, ಅದೇ ದನಿ. ಹೇಳಿದ ಮೇಲೆ ಮೊದಲ ಸಲ ಕುರ್ಚಿಗೆ ಬೆನ್ನು ಕೊಟ್ಟು ಕೂತರು. ನಾನು ಇಷ್ಟು ವರ್ಷದಲ್ಲಿ ನೋಡಿದ ಒಳ್ಳೆಯ ಗಳಿಗೆಗಳಲ್ಲಿ ಇದೊಂದು. ಅವರ ದೇವರನ್ನು ಅವರಿಗೆ ವಾಪಸು ಕೊಟ್ಟದ್ದು ನಾನಲ್ಲ, ಅವರೇ ತೆಗೆದುಕೊಂಡರು.

ಉಳಿದ ಹೊತ್ತಿನಲ್ಲಿ ನಾನು ಕೊಟ್ಟ ಸಲಹೆ ಹೀಗಿತ್ತು. ಮುಡಿಪಿನ ವಿಷಯ ಹೇಳಲು ನನಗೆ ಅಧಿಕಾರವಿಲ್ಲ, ದೇವಸ್ಥಾನದ ಭಟ್ರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹುಡುಗನನ್ನು ನೋಡಿಕೊಂಡು ಬನ್ನಿ. ಜಾಗದ ಮಾತು ಬಾಯಿಗೆ ಬರಬಾರದು. ಅವರು ಎತ್ತಿದರೂ ‘ಅದು ಆಮೇಲೆ’ ಎನ್ನಿ. ಕಪಾಟಿನಲ್ಲಿರುವ ಪತ್ರವನ್ನು ಒಬ್ಬ ವಕೀಲರಿಗೆ ತೋರಿಸಿ. ಈ ಮೂರೂ ಬೇರೆ ಬೇರೆ ಕೆಲಸ, ಒಂದೇ ದಿನ ಮಾಡಬೇಡಿ.

ಭಟ್ರು ವಯಸ್ಸಾದವರು. ಪೂರ್ತಿ ಕತೆ ಕೇಳಲೂ ಇಲ್ಲವಂತೆ. “ತಪ್ಪು ಕಾಣಿಕೆ ಹಾಕಿ, ಕೈ ಮುಗಿದು ಗಂಟನ್ನು ನೀವೇ ಬಿಚ್ಚಿ. ದುಡ್ಡನ್ನು ಹುಡುಗನ ಹೆಸರಲ್ಲಿ ಹುಂಡಿಗೆ ಹಾಕಿ” ಅಂದರಂತೆ. ಮನುಷ್ಯ ಸಿಟ್ಟಿನಲ್ಲಿ ದೇವರ ಹತ್ತಿರ ಏನೇನೋ ಕೇಳುತ್ತಾನೆ, ಆಮೇಲೆ ನಾಚುತ್ತಾನೆ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ತಪ್ಪು ಕಾಣಿಕೆ ಎಂಬ ದಾರಿ ಇಟ್ಟಿದ್ದಾರೆ. ನಾನು ಹತ್ತು ಸಲ ಕೂರಿಸಿ ಹೇಳಿದರೂ ಆಗದ ಕೆಲಸ ಅವರ ಎರಡು ಮಾತಿನಲ್ಲಿ ಆಯಿತು.

ಈ ಸಲಹೆಗೆ ಎರಡು ಕಡೆಯಿಂದ ಆಕ್ಷೇಪ ಬಂತು. ಎರಡಕ್ಕೂ ಉತ್ತರ ಹೇಳಬೇಕು.

ನಮ್ಮ ಕೆಲಸದವರೇ ಒಬ್ಬರು, ಆಪ್ತಸಲಹೆಗಾರ್ತಿ ದೇವರ ಮಾತು ಎತ್ತಬಾರದು, ಹರಕೆ ಮುಡಿಪು ಎಲ್ಲ ಮೂಢನಂಬಿಕೆ, ಅದನ್ನು ಬಿಡಿಸಬೇಕಿತ್ತು ಎಂದರು. ನಾನು ಒಪ್ಪುವುದಿಲ್ಲ. ದೇವರ ಮಾತು ಎತ್ತಿದ್ದು ನಾನಲ್ಲ, ಅಕ್ಕ. ಅವರ ನೋವು ಇದ್ದದ್ದೇ ಅಲ್ಲಿ. ಕಾಲು ನೋವು ಎಂದು ಬಂದವರ ಕೈ ಒತ್ತಿ ಕಳಿಸಲು ಆಗುತ್ತದಾ? ಇನ್ನು ಮೂಢನಂಬಿಕೆ ಎಂದು ಒಂದು ಮಾತು ಹೇಳಿದ್ದರೆ ಅವರು ತೊಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಹೋಗುತ್ತಿದ್ದರು. ಮತ್ತೆ ಯಾರ ಮುಂದೆಯೂ ಅದನ್ನು ತೆಗೆಯುತ್ತಿರಲಿಲ್ಲ. ನಾನೂ ದೇವರನ್ನು ನಂಬುವವಳೇ. ನನ್ನ ನಂಬಿಕೆಯನ್ನು ಯಾರ ತಲೆಗೂ ಹಾಕುವುದಿಲ್ಲ. ಬಂದವರ ನಂಬಿಕೆಯನ್ನು ಅವರಿಂದ ಕಿತ್ತುಕೊಳ್ಳುವುದೂ ಇಲ್ಲ.

ಇನ್ನೊಂದು ಆಕ್ಷೇಪ ಭಕ್ತರ ಕಡೆಯಿಂದ ಬಂತು. ದೇವರಿಗೆ ಬಿಟ್ಟದ್ದನ್ನು ವಕೀಲರಿಗೆ ಯಾಕೆ ಕೊಡಿಸಿದಿರಿ, ಅವರಿಗೆ ನಂಬಿಕೆ ಸಾಲದು ಎಂದ ಹಾಗಾಗಲಿಲ್ವಾ, ಎಂದು ಬಹಳ ಬೇಕಾದವರೊಬ್ಬರು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಅಕ್ಕ ದೇವರಿಗೆ ಏನನ್ನೂ ಬಿಟ್ಟಿರಲಿಲ್ಲ. ಪತ್ರ ಸೀರೆಯ ಅಡಿಯಲ್ಲಿತ್ತು, ಸೇಡು ಫೋಟೋದ ಹಿಂದೆ ಇತ್ತು. ದೇವರಿಗೆ ಬಿಡುವುದು ಎಂದರೆ ಕೈ ಖಾಲಿ ಆಗಬೇಕು. ಇವರ ಎರಡೂ ಕೈ ತುಂಬಿತ್ತು. ತನ್ನ ಪಾಲು ಕೇಳಲು ಹೆದರಿ, ಆ ಹೆದರಿಕೆಗೆ ದೇವರ ಹೆಸರು ಇಟ್ಟುಕೊಂಡಿದ್ದರು. ಬಿಟ್ಟುಕೊಡುವುದಾದರೆ ಮನಸಾರೆ ಬಿಟ್ಟುಕೊಡಲಿ, ಅದು ದೊಡ್ಡ ಗುಣ. ಕೇಳುವುದಾದರೆ ಎದುರು ನಿಂತು ಕೇಳಲಿ, ಅದರಲ್ಲೂ ಪಾಪವಿಲ್ಲ. ಎರಡೂ ಮಾಡದೆ ನಾಲ್ಕು ವರ್ಷ ಒಳಗೊಳಗೇ ಬೆಂದದ್ದನ್ನು ನಾನು ಭಕ್ತಿ ಎನ್ನಲಾರೆ.

ನಮ್ಮ ತುಳುನಾಡಿನ ಪದ್ಧತಿಯನ್ನೇ ನೋಡಿ. ಇಲ್ಲಿ ದೈವದ ಮುಂದೆ ನ್ಯಾಯ ಕೇಳುವುದು ಹೊಸತಲ್ಲ. ದೈವದ ಕೋಲ ನಡೆಯುವ ದಿನ ದೂರು ಹೇಳುವವರು ಊರವರ ಎದುರು ಹೇಳುತ್ತಾರೆ. ಎದುರಿನವನೂ ಅಲ್ಲೇ ನಿಂತಿರುತ್ತಾನೆ. ಅವನ ಮಾತೂ ಆಗುತ್ತದೆ. ದೈವದ ನುಡಿ ಬರುವುದು ಆಮೇಲೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ಹೊಯ್ಲು, ಅಂದರೆ ದೂರು, ಕೊಡುವ ಪದ್ಧತಿ ಉಂಟು. ಅಲ್ಲಿಯೂ ಎರಡೂ ಕಡೆಯವರನ್ನು ಕರೆಸಿ, ಕೇಳಿ, ಆಮೇಲೆ ತೀರ್ಮಾನ. ‘ಮಾತು ಬಿಡ ಮಂಜುನಾಥ’ ಎನ್ನುತ್ತೇವೆ. ಮಾತು ಎಂದ ಮೇಲೆ ಮಾತಾಡಲೇಬೇಕಲ್ಲ. ಎದುರಿನವನಿಗೆ ಗೊತ್ತೇ ಆಗದ ಹಾಗೆ ಗುಟ್ಟಿನಲ್ಲಿ ಮುಡಿಪು ಕಟ್ಟಿ, ನಾವೇ ತೀರ್ಪು ಬರೆದು, ಶಿಕ್ಷೆ ಕೊಡುವ ಕೆಲಸವನ್ನು ಮಾತ್ರ ದೇವರಿಗೆ ವಹಿಸುವುದು ನ್ಯಾಯವಲ್ಲ. ದೇವರ ಮೇಲೂ ಅದು ಅನ್ಯಾಯವೇ.

ಇದು ಒಂದು ಧರ್ಮದವರ ಕತೆ ಎಂದು ಯಾರೂ ತಿಳಿಯಬಾರದು. ಮಂಗಳೂರಿನ ಒಬ್ಬ ಕ್ರೈಸ್ತ ಬಾಂಧವರು ಗುರುವಾರ ತಪ್ಪದೆ ಬಿಕರ್ನಕಟ್ಟೆಯ ಬಾಲಯೇಸುವಿನ ಕ್ಷೇತ್ರಕ್ಕೆ ಹೋಗುತ್ತಿದ್ದರು. ಮನಶ್ಶಾಂತಿ ಕೊಡು ಎಂದು ಕೇಳುತ್ತಿದ್ದರು. ಒಂದೇ ಚರ್ಚಿಗೆ ಬರುವ ಸ್ವಂತ ಅಣ್ಣನ ಜೊತೆ ಒಂಬತ್ತು ವರ್ಷದಿಂದ ಮಾತಿಲ್ಲ. ಬಲಿಪೀಠದ ಮುಂದೆ ಕಾಣಿಕೆ ಕೊಡಲು ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಸಮಾಧಾನ ಮಾಡಿಕೋ ಎಂದು ಯೇಸುಸ್ವಾಮಿ ಹೇಳಿದ್ದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಒಬ್ಬ ಬ್ಯಾರಿ ಅಮ್ಮ ತಾವಾಗಿಯೇ ಹೇಳಿದರು: ಮೂರು ದಿನಕ್ಕಿಂತ ಜಾಸ್ತಿ ತನ್ನವರ ಜೊತೆ ಮಾತು ಬಿಡಬಾರದು ಎಂದು ಪ್ರವಾದಿಯವರ ಮಾತುಂಟು, ನಾನು ಮೂರು ವರ್ಷ ಬಿಟ್ಟಿದ್ದೇನೆ ಎಂದು. ಯಾರ ದೇವರೂ ಶಾಂತಿಯನ್ನು ಒಬ್ಬರಿಗೇ ಪೊಟ್ಟಣ ಕಟ್ಟಿ ಕೊಡುವ ಹಾಗೆ ನನಗೆ ಕಾಣುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹೊಡೆತ ಬಡಿತ ಇರುವ ಮನೆಯಿಂದ ಬಂದವರಿಗೆ ನಾನು ಈ ಸಲಹೆ ಕೊಡುವುದಿಲ್ಲ. ಕುಡಿದು ಹೊಡೆಯುವ ಗಂಡನನ್ನು ನೋಡಿ ಬಾ, ಮಾತಾಡಿಸಿ ಬಾ ಎನ್ನುವುದಿಲ್ಲ. ದೇವರ ಮೇಲೆ ಭಾರ ಹಾಕಿ ತಡೆದುಕೋ ಎಂದು ಯಾರಾದರೂ ಹೇಳಿದರೆ, ಹೇಳಿದವರು ಎಷ್ಟೇ ದೊಡ್ಡವರಾಗಲಿ, ಅದನ್ನು ಕೇಳಬೇಡಿ. ಅಂಥ ಕಡೆ ಮೊದಲು ಜೀವ ಉಳಿಯಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಿ. ಕೌಟುಂಬಿಕ ಹಿಂಸೆಯಿಂದ ರಕ್ಷಣೆ ಕೊಡುವ ಕಾಯ್ದೆ 2005ರಿಂದಲೇ ಇದೆ. ಅದನ್ನು ಬಳಸಿದ್ದಕ್ಕೆ ಯಾವ ದೇವರೂ ಮುನಿಯುವುದಿಲ್ಲ.

ನಾಲ್ಕನೆಯ ಸಲ ಬಂದಾಗ ಅಕ್ಕ ಕೇಳಿದ್ದು, “ಹಾಗಾದ್ರೆ ನಾನು ಎಂತ ಅಂತ ಬೇಡುವುದು?” ಈ ಪ್ರಶ್ನೆಗೆ ಉತ್ತರ ಹೇಳಲು ನಾನು ಹಿಂದೆ ಮುಂದೆ ನೋಡಿದೆ. ಆಮೇಲೆ ಹೇಳಿದೆ. ಮುಸ್ಸಂಜೆ ದೀಪ ಹಚ್ಚಿ. ಮೊದಲು ಸಿಟ್ಟನ್ನೇ ಹೇಳಿ, ಒಂದನ್ನೂ ಮುಚ್ಚಿಡಬೇಡಿ. ದೇವರ ಮುಂದೆ ಒಳ್ಳೆಯವರಾಗಿ ಕಾಣಬೇಕು ಅಂತ ಇಲ್ಲ. ಹೇಳಿ ಮುಗಿದ ಮೇಲೆ ತಮ್ಮನಿಗೆ ಹೀಗಾಗಲಿ ಹಾಗಾಗಲಿ ಎನ್ನಬೇಡಿ. ಅವನ ಹೆಸರು ಹೇಳಿ, ಅಲ್ಲಿಗೇ ನಿಲ್ಲಿಸಿ. ಆಮೇಲೆ ಹತ್ತು ನಿಮಿಷ ನಾಮ ಹೇಳಿ, ನಿಧಾನಕ್ಕೆ, ಉಸಿರಿನ ಜೊತೆಗೆ.

ನಾಮಸ್ಮರಣೆಗೆ ದೇಹವೂ ಓಗೊಡುತ್ತದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಟಲಿಯ ಸಂಶೋಧಕರು 23 ಜನರಿಂದ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ ಒಂದು ಮಂತ್ರವನ್ನೂ ಹೇಳಿಸಿ ನೋಡಿದ್ದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಸುಮ್ಮನೆ ಕೂತಾಗ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರುತ್ತದೆ. ಉಸಿರು ನಿಧಾನವಾದರೆ ಎದೆಯ ಬಡಿತವೂ ಹದಕ್ಕೆ ಬರುತ್ತದೆ. ನಮ್ಮ ಅಜ್ಜಿಯಂದಿರು ಸಂಜೆಯ ಭಜನೆ ಮುಗಿಸಿ ಎದ್ದಾಗ ಅವರ ಮುಖ ಯಾಕೆ ಅಷ್ಟು ತಂಪಾಗಿರುತ್ತಿತ್ತು ಎಂಬುದಕ್ಕೆ ಇದೂ ಒಂದು ಕಾರಣ ಇರಬೇಕು. ಪೂರ್ತಿ ಕಾರಣ ಇಷ್ಟೇ ಎಂದು ನಾನು ಹೇಳಲಾರೆ.

ಹೀಗೆಲ್ಲ ಮಾಡಿಯೂ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕುವುದೇ ಬೇಡ ಎಂದು ಬಂದರೆ ಅದಕ್ಕೆ ಮದ್ದು ಬೇಕು, ವೈದ್ಯರು ಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಯಾವ ಹೊತ್ತಿಗೂ ಕರೆ ಮಾಡಬಹುದು, ಖರ್ಚಿಲ್ಲ. ಮಾತ್ರೆ ನುಂಗಿದರೆ ಭಕ್ತಿ ಕಮ್ಮಿ ಆಗುವುದಿಲ್ಲ. ಸಕ್ಕರೆ ಕಾಯಿಲೆಗೆ ನುಂಗುವುದಿಲ್ವಾ?

ಅಕ್ಕ ಆಸ್ಪತ್ರೆಗೆ ಹೋದದ್ದು ಮುಡಿಪು ಬಿಚ್ಚಿದ ವಾರದ ಮೇಲೆ. ಕ್ಯಾರಿಯರಿನಲ್ಲಿ ಕುಚಲಕ್ಕಿ ಗಂಜಿ, ಹುರುಳಿ ಚಟ್ನಿ. ಹುಡುಗ “ಅತ್ತೆ, ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?” ಅಂದನಂತೆ. ತಮ್ಮ ಕಿಟಕಿಯ ಹತ್ತಿರ ನಿಂತವನು ತಿರುಗಲಿಲ್ಲ. ಇವರು ಹೊರಡುವಾಗ ಜೋರು ಮಳೆ. ಲಿಫ್ಟಿನ ತನಕ ಹಿಂದೆ ಬಂದು “ಅಕ್ಕ, ಕೊಡೆ ಉಂಟಾ?” ಅಂತ ಕೇಳಿದನಂತೆ. ಉಂಟು ಅಂದರಂತೆ. ನಾಲ್ಕು ವರ್ಷದಲ್ಲಿ ಇಬ್ಬರ ನಡುವೆ ಆದ ಮಾತು ಅಷ್ಟು.

ಅದನ್ನು ಹೇಳಿ ಅಕ್ಕ, “ಇನ್ನು ವಕೀಲರು ಬೇಡ ಅಲ್ವಾ ಮೇಡಂ? ಸಹಿ ಹಾಕಿಬಿಡ್ಲಾ?” ಅಂದರು. ಮನಸ್ಸು ಕರಗಿದ ದಿನ ಸಹಿ ಹಾಕಬೇಡಿ ಎಂದೆ. ಇದು ಕಟುವಾಗಿ ಕೇಳಬಹುದು. ಕರಗಿದ ಮನಸ್ಸು ಗಟ್ಟಿಯಾದ ಮೇಲೆ ಅದೇ ಸಹಿ ಮತ್ತೆ ಮುಳ್ಳಾಗಿ ಚುಚ್ಚುತ್ತದೆ. ಹಾಗೆ ಚುಚ್ಚಿಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಕೊಡುವುದಾದರೂ ತನ್ನದು ಎಷ್ಟು ಎಂದು ತಿಳಿದು ಕೊಡಬೇಕು.

ತಿಳಿದುಕೊಳ್ಳುವುದು ಕಷ್ಟವೂ ಅಲ್ಲ. ಹೆಣ್ಣುಮಕ್ಕಳಿಗೆ ಪಾಲು 2005ರಲ್ಲಿ ಬಂತು ಎಂದು ಎಲ್ಲರೂ ಹೇಳುತ್ತಾರೆ. ಆ ತಿದ್ದುಪಡಿ ಪಿತ್ರಾರ್ಜಿತ ಕೂಡು ಆಸ್ತಿಯದ್ದು. ಅಪ್ಪ ಸ್ವಂತ ದುಡಿದು ತೆಗೆದ ಜಾಗ, ಉಯಿಲು ಇಲ್ಲ ಎಂದಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳಿಗೂ ಮಗನಿಗೂ ಸಮಪಾಲು. ಇದು ಅಕ್ಕನಿಗೆ ಗೊತ್ತಿರಲಿಲ್ಲ. ತಮ್ಮನಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಮದುವೆಗೆ ಖರ್ಚು ಮಾಡಿಯಾಗಿದೆ, ಅಕ್ಕನಿಗೆ ಇನ್ನು ಏನೂ ಇಲ್ಲ ಎಂದೇ ಅವನು ನಂಬಿದ್ದ. ವಕೀಲರ ಫೀಸಿಗೆ ಹೆದರುವ ಹೆಂಗಸರಿಗೆ ಒಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅರ್ಜಿ ಕೊಟ್ಟರೆ ಸಾಕು, ಸಹಾಯವಾಣಿ 15100. ಮಧ್ಯಸ್ಥಿಕೆಯಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಇರುತ್ತದೆ. ಅಕ್ಕ ಆ ದಾರಿ ಹಿಡಿದಿದ್ದಾರೆ.

ಅವರಿಗೆ ಬೇಕಾದದ್ದು ಏನು ಎಂದು ನಾನು ಒಂದು ದಿನ ಕೇಳಿದ್ದೆ. 20 ಸೆಂಟ್ಸ್ ಬೇಡ ಎಂದರು. ಪತ್ರವನ್ನು ಇನ್ನೊಬ್ಬರ ಕೈಯಲ್ಲಿ ಕಳಿಸದೆ ತಮ್ಮನೇ ತಂದು, ಕೂತು, ಒಂದು ಲೋಟ ನೀರು ಕುಡಿದು ಕೇಳಿದ್ದರೆ ಅವತ್ತೇ ಹಾಕುತ್ತಿದ್ದೆ ಎಂದರು. ಅದನ್ನೇ ಮಧ್ಯಸ್ಥಿಕೆಯಲ್ಲಿ ಹೇಳಿ ಎಂದೆ. ಅಳು ಬರ್ತದೆ ಮೇಡಂ ಎಂದರು. ಬಂದರೆ ಬರಲಿ ಎಂದೆ.

ಅಷ್ಟಮಿಗೆ ಅಕ್ಕ ತವರಿಗೆ ಮೂಡೆ ಕಳಿಸಿದರು. ನಾಲ್ಕು ದಿನ ಬಿಟ್ಟು ಪಾತ್ರೆ ವಾಪಸು ಬಂತು. ಖಾಲಿ ಬರಲಿಲ್ಲ, ತವರಿನ ಹಿತ್ತಲ ನಾಲ್ಕು ಹೀರೆಕಾಯಿ ಇತ್ತು. ತಮ್ಮನ ಹೆಂಡತಿ ಇಟ್ಟದ್ದೋ, ತಮ್ಮ ಇಡಿಸಿದ್ದೋ ಗೊತ್ತಿಲ್ಲ. ಚೌತಿಗೆ ಕರೆಯಲಿಲ್ಲ, ಇವರೂ ಹೋಗಲಿಲ್ಲ. ಮೂರು ಗಂಟೆಗೆ ಎಚ್ಚರವಾಗುವುದು ಈಗ ವಾರಕ್ಕೆ ಒಂದೋ ಎರಡೋ ಸಲ. ದೀಪ ಮತ್ತೆ ಅವರೇ ಹಚ್ಚುತ್ತಾರೆ.

ಮಧ್ಯಸ್ಥಿಕೆಗೆ ಮುಂದಿನ ದಿನ ಕೊಟ್ಟದ್ದು ನವರಾತ್ರಿ ಕಳೆದ ಮೇಲೆ. ತಮ್ಮ ಹಿಂದಿನ ಸಲ ಬಂದಿರಲಿಲ್ಲ, ಈ ಸಲ ಬರುತ್ತಾನೋ ಇಲ್ಲವೋ. ಅಕ್ಕ ಬೆಳಗ್ಗಿನ ಬಸ್ಸಿಗೆ ಹೊರಡುತ್ತಾರೆ. ಹೋಗುವ ದಾರಿಯಲ್ಲಿ ಮಠಕ್ಕೆ ಹೊಕ್ಕು, ಕಿಂಡಿಯಲ್ಲಿ ನೋಡಿಕೊಂಡು ಹೋಗ್ತೇನೆ ಎಂದಿದ್ದಾರೆ.